ನವಜಾತ ಶಿಶುವಿನ ತೂಕ: ವಂಶವಾಹಿಗಳ ಪಾತ್ರವೆಷ್ಟು, ಆರೈಕೆಯ ಪಾತ್ರವೆಷ್ಟು

(ತೋರಣಗಲ್ಲು, ಸಂಡೂರು, ಹೊಸಪೇಟೆ, ಹಂಪಿ ಹಾಗೂ ಕಂಪ್ಲಿ ಭಾಗದ ಗರ್ಭಿಣಿಯರು, ಬಾಣಂತಿಯರು ಮತ್ತು ಅವರ ಕುಟುಂಬದವರ ಮಾಹಿತಿಗಾಗಿ)

ಪೀಠಿಕೆ

ಹೆರಿಗೆಯಾದ ನಂತರ ಶಿಶುವನ್ನು ತೂಗಿ, ಆ ತೂಕವನ್ನು ತಾಯಿ ಕಾರ್ಡಿನಲ್ಲಿ ನಮೂದಿಸಲಾಗುತ್ತದೆ. ತೂಕ ಕಡಿಮೆ ಇದ್ದಾಗ "ನಮ್ಮ ವಂಶದಲ್ಲಿ ಕೂಸುಗಳು ಸಣ್ಣವೇ ಹುಟ್ಟುತ್ತವೆ, ಆಮೇಲೆ ತಾವೇ ಮೈ ತುಂಬಿಕೊಳ್ಳುತ್ತವೆ" ಎಂಬ ಮಾತು ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಈ ಮಾತಿನಲ್ಲಿ ಸ್ವಲ್ಪಮಟ್ಟಿನ ಸತ್ಯಾಂಶವಿದೆ. ಆದರೆ ಇದನ್ನೇ ನಂಬಿ, ಎರಡು ಕಿಲೋಗ್ರಾಂ ತೂಕದ ಶಿಶುವನ್ನು ವೈದ್ಯರಿಗೆ ತೋರಿಸದೆ ಮನೆಯಲ್ಲಿಯೇ ಇರಿಸಿಕೊಂಡಲ್ಲಿ ಶಿಶುವಿನ ಜೀವಕ್ಕೆ ಅಪಾಯ ಒದಗುವ ಸಂಭವವಿರುತ್ತದೆ. ಶಿಶುವಿನ ತೂಕ ಕಡಿಮೆಯಾದುದಕ್ಕೆ ತಾಯಿಯನ್ನು ಅಥವಾ ಆಕೆಯ ತವರಿನ ವಂಶವನ್ನು ದೂಷಿಸುವ ಪ್ರಸಂಗಗಳೂ ಉಂಟು.

ಉಕ್ಕಿನ ಕಾರ್ಖಾನೆ ಹಾಗೂ ಗಣಿಗಾರಿಕೆಯ ಕೆಲಸಗಳಿಗಾಗಿ ತೋರಣಗಲ್ಲು ಸುತ್ತಮುತ್ತ ಸ್ಥಳೀಯರಲ್ಲದೆ ಬೇರೆ ಜಿಲ್ಲೆಗಳ ಮತ್ತು ಹೊರರಾಜ್ಯಗಳ ಕುಟುಂಬಗಳೂ ನೆಲೆಸಿವೆ. ಬೇರೆ ಬೇರೆ ಮೂಲದ ಈ ಕುಟುಂಬಗಳ ಶಿಶುಗಳ ತೂಕದಲ್ಲಿ ವಂಶವಾಹಿಗಳ ಪಾಲೆಷ್ಟು, ಆಹಾರ ಹಾಗೂ ಆರೈಕೆಯ ಪಾಲೆಷ್ಟು ಎಂಬುದನ್ನು ವೈಜ್ಞಾನಿಕ ಅಧ್ಯಯನಗಳ ಆಧಾರದ ಮೇಲೆ ವಿವರಿಸುವುದು ಹಾಗೂ ಲಭ್ಯವಿರುವ ಸರ್ಕಾರಿ ಸೌಲಭ್ಯಗಳನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಜನನ ತೂಕದ ಅರ್ಥ

ಜನನದ ನಂತರ ಸಾಧ್ಯವಾದಷ್ಟು ಬೇಗನೆ, ಮೊದಲ ಕೆಲವು ಗಂಟೆಗಳೊಳಗೆ ಅಳೆಯುವ ತೂಕವನ್ನು ಜನನ ತೂಕ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ 2,500 ಗ್ರಾಂಗಿಂತ ಕಡಿಮೆ ಇದ್ದಲ್ಲಿ ಅದು ಕಡಿಮೆ ಜನನ ತೂಕ. 1,500 ಗ್ರಾಂಗಿಂತ ಕಡಿಮೆ ಇದ್ದಲ್ಲಿ ಅತಿ ಕಡಿಮೆ ಜನನ ತೂಕ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ತೂಕ ದಾಖಲಾದ ಶಿಶುಗಳ ಪೈಕಿ ಸುಮಾರು ಶೇ. 18ರಷ್ಟು ಶಿಶುಗಳು 2,500 ಗ್ರಾಂಗಿಂತ ಕಡಿಮೆ ತೂಕ ಹೊಂದಿದ್ದವು.

ತೂಕ ಕಡಿಮೆಯಾಗುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಮೊದಲನೆಯದು, 37 ವಾರಗಳು ತುಂಬುವ ಮೊದಲೇ ಹೆರಿಗೆಯಾಗುವುದು. ಎರಡನೆಯದು, ದಿನ ತುಂಬಿದ್ದರೂ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿರುವುದು. ಕೆಲವು ಶಿಶುಗಳು ಈ ಎರಡೂ ಕಾರಣಗಳಿಂದ ಚಿಕ್ಕದಾಗಿರುತ್ತವೆ. ಆರೈಕೆಯ ಕ್ರಮ ಇದನ್ನು ಅವಲಂಬಿಸಿರುವುದರಿಂದ, ಗರ್ಭಿಣಿಯು ತನ್ನ ಕೊನೆಯ ಮುಟ್ಟಿನ ದಿನಾಂಕವನ್ನು ಮೊದಲ ಭೇಟಿಯಲ್ಲಿಯೇ ತಿಳಿಸಿ ದಾಖಲಿಸುವುದು ಅಗತ್ಯ.

ವಂಶವಾಹಿ ವೈವಿಧ್ಯ ಮತ್ತು ಶಿಶುವಿನ ತೂಕ

ದೇಹದ ರಚನೆ ಮತ್ತು ಕಾರ್ಯಗಳಿಗೆ ಬೇಕಾದ ಸೂಚನೆಗಳು ವಂಶವಾಹಿಗಳಲ್ಲಿ ಅಡಕವಾಗಿವೆ. ಶಿಶುವು ಅರ್ಧ ಪಾಲನ್ನು ತಾಯಿಯಿಂದಲೂ ಉಳಿದರ್ಧವನ್ನು ತಂದೆಯಿಂದಲೂ ಪಡೆಯುತ್ತದೆ. ಈ ಸೂಚನೆಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಅಲ್ಲಲ್ಲಿ ಕಂಡುಬರುವ ಸಣ್ಣ ವ್ಯತ್ಯಾಸಗಳನ್ನು ವಂಶವಾಹಿ ವೈವಿಧ್ಯ ಎನ್ನುತ್ತಾರೆ. ಇವು ರೋಗವಲ್ಲ, ಎತ್ತರ, ಮೈಬಣ್ಣಗಳಲ್ಲಿರುವ ವ್ಯತ್ಯಾಸದಂತೆ ಸಹಜವಾದವು.

ಜನನ ತೂಕದ ವಿಷಯದಲ್ಲಿ ಈ ವೈವಿಧ್ಯವು ಎರಡು ಮಾರ್ಗಗಳಲ್ಲಿ ಕೆಲಸ ಮಾಡುತ್ತದೆ. ಶಿಶುವಿನ ಸ್ವಂತ ವಂಶವಾಹಿಗಳು ಅದರ ಬೆಳವಣಿಗೆಯನ್ನು ನೇರವಾಗಿ ಪ್ರಭಾವಿಸುತ್ತವೆ. ತಾಯಿಯ ವಂಶವಾಹಿಗಳು ಆಕೆಯ ರಕ್ತದ ಸಕ್ಕರೆ ಅಂಶ, ರಕ್ತದೊತ್ತಡ ಮುಂತಾದವುಗಳ ಮೂಲಕ, ಅಂದರೆ ಗರ್ಭದ ಪರಿಸರದ ಮೂಲಕ, ಪರೋಕ್ಷವಾಗಿ ಪ್ರಭಾವಿಸುತ್ತವೆ.

1998ರಲ್ಲಿ ಇಂಗ್ಲೆಂಡಿನ ವೈದ್ಯ ಆಂಡ್ರ್ಯೂ ಹ್ಯಾಟರ್ಸ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಇದಕ್ಕೆ ಸ್ಪಷ್ಟ ನಿದರ್ಶನ. ರಕ್ತದ ಸಕ್ಕರೆಯನ್ನು ಗುರುತಿಸುವ ಗ್ಲುಕೋಕೈನೇಸ್ ಎಂಬ ವಂಶವಾಹಿಯಲ್ಲಿ ಅಪರೂಪದ ಒಂದು ದೋಷವಿರುವ ಕುಟುಂಬಗಳನ್ನು ಅವರು ಪರಿಶೀಲಿಸಿದರು. ದೋಷವು ತಾಯಿಯಲ್ಲಿ ಮಾತ್ರ ಇದ್ದಾಗ ಆಕೆಯ ರಕ್ತದ ಸಕ್ಕರೆ ಏರಿ, ಶಿಶುವಿನ ದೇಹ ಹೆಚ್ಚು ಇನ್ಸುಲಿನ್ ಉತ್ಪಾದಿಸಿ, ತೂಕ ಸುಮಾರು 600 ಗ್ರಾಂ ಹೆಚ್ಚಾಗಿತ್ತು. ಅದೇ ದೋಷ ಶಿಶುವಿನಲ್ಲಿ ಮಾತ್ರ ಇದ್ದಾಗ ಇನ್ಸುಲಿನ್ ಕಡಿಮೆಯಾಗಿ ತೂಕ ಸುಮಾರು 500 ಗ್ರಾಂ ಇಳಿದಿತ್ತು. ಇಬ್ಬರಲ್ಲಿಯೂ ಇದ್ದಾಗ ತೂಕ ಬಹುತೇಕ ಸಾಮಾನ್ಯವಾಗಿತ್ತು. ಗರ್ಭದಲ್ಲಿ ಶಿಶುವಿನ ಬೆಳವಣಿಗೆಗೆ ಇನ್ಸುಲಿನ್ ಎಷ್ಟು ಮುಖ್ಯವೆಂಬುದು ಇದರಿಂದ ತಿಳಿದುಬಂತು.

ಇಷ್ಟು ದೊಡ್ಡ ಪರಿಣಾಮ ಬೀರುವ ದೋಷಗಳು ವಿರಳ. ಸಾಮಾನ್ಯ ಜನರಲ್ಲಿ ಕಂಡುಬರುವುದು ನೂರಾರು ಸಣ್ಣ ವ್ಯತ್ಯಾಸಗಳು. ಒಂದೊಂದರ ಪರಿಣಾಮವೂ ಅತ್ಯಲ್ಪ. 2016ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನವೊಂದು ಜನನ ತೂಕಕ್ಕೆ ಸಂಬಂಧಿಸಿದ 60 ವಂಶವಾಹಿ ಸ್ಥಾನಗಳನ್ನು ಗುರುತಿಸಿತು. ಶಿಶುಗಳ ತೂಕದಲ್ಲಿ ಕಂಡುಬರುವ ಒಟ್ಟು ವ್ಯತ್ಯಾಸದ ಕನಿಷ್ಠ ಶೇ. 15ರಷ್ಟು ಭಾಗವು ಶಿಶುವಿನ ವಂಶವಾಹಿ ವೈವಿಧ್ಯಕ್ಕೆ ಸಂಬಂಧಿಸಿದೆ ಎಂದು ಆ ಅಧ್ಯಯನ ಅಂದಾಜು ಮಾಡಿತು. ಅಂದರೆ ವಂಶದ ಪಾತ್ರ ಇದೆ; ಆದರೆ ಅದೊಂದೇ ನಿರ್ಣಾಯಕವಲ್ಲ.

ಮೈಸೂರಿನ ದಾಖಲೆಗಳು ತಿಳಿಸುವುದೇನು

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆ ಗಮನಾರ್ಹ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರು ಮಿಷನ್ ಆಸ್ಪತ್ರೆ ಎಂದು ಕರೆಯುವ ಆಸ್ಪತ್ರೆಯಲ್ಲಿ, 1934ರಿಂದ ಜನಿಸಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. ದಶಕಗಳ ನಂತರ ಸಂಶೋಧಕರು ಈ ದಾಖಲೆಗಳ ನೆರವಿನಿಂದ, ಅಲ್ಲಿ ಜನಿಸಿ ಮೈಸೂರಿನಲ್ಲಿಯೇ ನೆಲೆಸಿದ್ದವರನ್ನು ಪತ್ತೆಹಚ್ಚಿ ಪರೀಕ್ಷಿಸಿದರು.

1996ರಲ್ಲಿ ಪ್ರಕಟವಾದ ವರದಿಯು 1934ರಿಂದ 1954ರ ನಡುವೆ ಜನಿಸಿದ 517 ಸ್ತ್ರೀ-ಪುರುಷರಿಗೆ ಸಂಬಂಧಿಸಿದೆ. ಹುಟ್ಟಿದಾಗ ಐದೂವರೆ ಪೌಂಡು, ಅಂದರೆ ಸುಮಾರು 2.5 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಕಂಡುಬಂದಿತ್ತು. ಏಳು ಪೌಂಡಿಗಿಂತ ಹೆಚ್ಚು ತೂಗಿದ್ದವರಲ್ಲಿ ಈ ಪ್ರಮಾಣ ಶೇ. 3 ಮಾತ್ರ. ಜನನ ತೂಕದ ಪರಿಣಾಮ ಬಾಲ್ಯಕ್ಕೆ ಮುಗಿಯುವುದಿಲ್ಲ, ನಡುವಯಸ್ಸಿನ ಆರೋಗ್ಯಕ್ಕೂ ಅದು ಸಂಬಂಧಿಸಿದೆ ಎಂಬುದನ್ನು ಇದು ಸೂಚಿಸುತ್ತದೆ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಗರ್ಭಿಣಿಯರನ್ನು ನೋಂದಾಯಿಸಿ ಮೈಸೂರು ಪಾರ್ಥೆನಾನ್ ಅಧ್ಯಯನವನ್ನು ಆರಂಭಿಸಲಾಯಿತು. ಇವರ ಪೈಕಿ ಸುಮಾರು ಶೇ. 6ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಶಿಶುಗಳು ಎಲ್ಲ ಅಳತೆಗಳಲ್ಲಿಯೂ ದೊಡ್ಡದಾಗಿದ್ದವು. ಆದುದರಿಂದ ಶಿಶು ದಪ್ಪಗಿದ್ದರೆ ಎಲ್ಲವೂ ಸರಿಯಿದೆ ಎಂದು ಭಾವಿಸುವುದೂ ಸರಿಯಲ್ಲ. ಗರ್ಭಿಣಿಯರು ಸಕ್ಕರೆ ಅಂಶದ ಪರೀಕ್ಷೆಯನ್ನು ಮೊದಲ ಭೇಟಿಯಲ್ಲಿ ಮತ್ತು 24ರಿಂದ 28 ವಾರಗಳ ನಡುವೆ ಮಾಡಿಸಿಕೊಳ್ಳತಕ್ಕದ್ದು.

ಭಾರತೀಯ ಶಿಶುಗಳು ಚಿಕ್ಕದಾಗಿರಲು ವಂಶವೇ ಕಾರಣವೇ

2003ರಲ್ಲಿ ಪ್ರಕಟವಾದ ಪುಣೆಯ ಅಧ್ಯಯನವೊಂದರಲ್ಲಿ ಅಲ್ಲಿನ ಗ್ರಾಮೀಣ ಶಿಶುಗಳ ಸರಾಸರಿ ತೂಕ 2.7 ಕಿಲೋಗ್ರಾಂ ಇದ್ದರೆ, ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶಿಶುಗಳದು 3.5 ಕಿಲೋಗ್ರಾಂ ಇತ್ತು. ಈ 800 ಗ್ರಾಂ ಅಂತರ ವಂಶವಾಹಿಗಳಿಂದ ಬಂದುದೇ ಎಂಬ ಪ್ರಶ್ನೆಗೆ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಹುಡುಕಿತು. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಪ್ರಮುಖ ಪಾತ್ರ ವಹಿಸಿದ ಈ ಅಧ್ಯಯನದಲ್ಲಿ ಮೈಸೂರು, ಪುಣೆ, ಮುಂಬಯಿ ಸೇರಿದಂತೆ ಭಾರತ ಮತ್ತು ಬಾಂಗ್ಲಾದೇಶದ ಏಳು ಸಮೂಹಗಳ ಮಾಹಿತಿಯನ್ನು ಬಳಸಲಾಯಿತು.

ಯುರೋಪಿನ ಜನರಲ್ಲಿ ಜನನ ತೂಕಕ್ಕೆ ಸಂಬಂಧಿಸಿದ್ದೆಂದು ಗುರುತಿಸಲಾಗಿದ್ದ 196 ವಂಶವಾಹಿ ವ್ಯತ್ಯಾಸಗಳನ್ನು ಒಟ್ಟುಗೂಡಿಸಿ, ಪ್ರತಿ ಶಿಶುವಿಗೆ ಮತ್ತು ತಾಯಿಗೆ ಒಂದು ಅಂಕವನ್ನು ಲೆಕ್ಕಹಾಕಲಾಯಿತು. ಶಿಶುವಿನ ಅಂಕ ಒಂದು ಮಾನಕ ಅಳತೆಯಷ್ಟು ಹೆಚ್ಚಿದಾಗ ತೂಕ 50.7 ಗ್ರಾಂ, ತಾಯಿಯ ಅಂಕ ಅಷ್ಟೇ ಹೆಚ್ಚಿದಾಗ 33.6 ಗ್ರಾಂ ಹೆಚ್ಚುವುದು ಕಂಡುಬಂತು. ಶಿಶುವಿನ ವಂಶವಾಹಿಗಳ ಪ್ರಭಾವ ಯುರೋಪಿನ ಶಿಶುಗಳಲ್ಲಿ ಎಷ್ಟಿತ್ತೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೀಗಿದ್ದರೂ ಇಲ್ಲಿನ ಶಿಶುಗಳ ತೂಕ ಬಹಳಷ್ಟು ಕಡಿಮೆ ಇತ್ತು. ಈ ಅಂತರಕ್ಕೆ ಅಂಕದಲ್ಲಿ ಸೇರದ ಬೇರೆ ಅಂಶಗಳ, ಅವುಗಳಲ್ಲಿ ತಾಯಿಯ ದೇಹಗಾತ್ರ, ಆರೋಗ್ಯ, ಪೋಷಣೆ ಮತ್ತು ಪರಿಸರದ ಪಾತ್ರ ಇರಬಹುದೆಂದು ಸಂಶೋಧಕರು ಅಭಿಪ್ರಾಯಪಟ್ಟರು.

ತೂಕವನ್ನು ಏರುಪೇರು ಮಾಡುವ ಇತರ ಕಾರಣಗಳು

ಈ ಕೆಳಗಿನ ಅಂಕಿಗಳು ಬೇರೆ ಬೇರೆ ಸ್ಥಳಗಳ ಅಧ್ಯಯನಗಳಿಂದ ಬಂದವು, ಒಂದಕ್ಕೊಂದು ಕೂಡಿಸತಕ್ಕವಲ್ಲ. ಆದರೂ ವಂಶವಾಹಿ ಅಂಕದ 50 ಗ್ರಾಂನೊಂದಿಗೆ ಹೋಲಿಸಿ ನೋಡುವುದು ಉಪಯುಕ್ತ.

1. ಆಹಾರ: ಆಫ್ರಿಕಾದ ಗ್ಯಾಂಬಿಯಾ ದೇಶದ ಹಳ್ಳಿಗಳಲ್ಲಿ ಗರ್ಭಿಣಿಯರಿಗೆ ಪ್ರತಿದಿನ ಶೇಂಗಾ ಮುಂತಾದವುಗಳಿಂದ ತಯಾರಿಸಿದ ಶಕ್ತಿಯುತ ಬಿಸ್ಕತ್ತುಗಳನ್ನು ನೀಡಿದಾಗ, ಶಿಶುಗಳ ತೂಕ ವರ್ಷದ ಸರಾಸರಿಯಲ್ಲಿ 136 ಗ್ರಾಂ, ಧಾನ್ಯ ತೀರಿ ಹೊಲದ ಕೆಲಸ ಹೆಚ್ಚಿರುವ ತಿಂಗಳುಗಳಲ್ಲಿ 201 ಗ್ರಾಂ ಹೆಚ್ಚಿತೆಂದು 1997ರ ವರದಿ ತಿಳಿಸುತ್ತದೆ. ಒಂದೇ ಊರಿನ ಜನರ ವಂಶ ಋತುವಿನಿಂದ ಋತುವಿಗೆ ಬದಲಾಗುವುದಿಲ್ಲ. ಬದಲಾಗುವುದು ಊಟ ಮತ್ತು ದುಡಿಮೆ.

2. ಗರ್ಭಧಾರಣೆಗೆ ಮುಂಚಿನ ಪೋಷಣೆ: ಮುಂಬಯಿಯ ಕೊಳಚೆ ಪ್ರದೇಶಗಳ ಮಹಿಳೆಯರಿಗೆ ಸೊಪ್ಪು, ಹಣ್ಣು ಮತ್ತು ಹಾಲಿನಿಂದ ತಯಾರಿಸಿದ ತಿಂಡಿಯನ್ನು ನೀಡಿದ ಅಧ್ಯಯನದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಾಗಿ ಪರಿಗಣಿಸಿದಾಗ ಖಚಿತವಾದ ಹೆಚ್ಚಳ ಕಾಣಲಿಲ್ಲ. ಗರ್ಭ ನಿಲ್ಲುವ ಮೂರು ತಿಂಗಳ ಮೊದಲೇ ತಿಂಡಿ ಆರಂಭಿಸಿದ್ದವರಲ್ಲಿ ಶಿಶುವಿನ ತೂಕ 48 ಗ್ರಾಂ ಹೆಚ್ಚಿತ್ತು.

3. ಹೊಗೆಸೊಪ್ಪು: ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಂಬಾಕನ್ನು ಅಗಿಯುವ ಅಥವಾ ಹಲ್ಲಿಗೆ ತಿಕ್ಕುವ ಗರ್ಭಿಣಿಯರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಎಲೆ-ಅಡಿಕೆಯೊಂದಿಗಿನ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ನಶ್ಯ ಎಲ್ಲವೂ ಇದರಲ್ಲಿ ಸೇರಿದವೆಂದು ತಿಳಿಯತಕ್ಕದ್ದು.

4. ರಕ್ತಹೀನತೆ: ಹಿಮೋಗ್ಲೋಬಿನ್ ಪ್ರಮಾಣ 11 ಗ್ರಾಂಗಿಂತ ಕಡಿಮೆ ಇದ್ದಲ್ಲಿ ಗರ್ಭಿಣಿಗೆ ರಕ್ತಹೀನತೆ ಇದೆಯೆಂದೂ, 7 ಗ್ರಾಂಗಿಂತ ಕಡಿಮೆ ಇದ್ದಲ್ಲಿ ತೀವ್ರ ರಕ್ತಹೀನತೆ ಇದೆಯೆಂದೂ ಪರಿಗಣಿಸಲಾಗುತ್ತದೆ. ಐದನೆಯ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ರಾಜ್ಯದ ಹತ್ತು ಗರ್ಭಿಣಿಯರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ರಕ್ತಹೀನತೆ ಹೊಂದಿದ್ದರು.

5. ಇತರೆ: ಚಿಕ್ಕ ವಯಸ್ಸಿನ ಗರ್ಭಧಾರಣೆ, ಹೆರಿಗೆಗಳ ನಡುವೆ ಅಂತರವಿಲ್ಲದಿರುವುದು, ಅಧಿಕ ರಕ್ತದೊತ್ತಡ, ಮಲೇರಿಯಾ ಮತ್ತಿತರ ಸೋಂಕುಗಳು, ಕೊನೆಯ ತಿಂಗಳುಗಳಲ್ಲಿ ಭಾರ ಹೊರುವ ದುಡಿಮೆ, ಸೌದೆ ಒಲೆಯ ಹೊಗೆ ಹಾಗೂ ಗಾಳಿಯಲ್ಲಿನ ಸೂಕ್ಷ್ಮ ಧೂಳಿನ ಕಣಗಳು.

ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಯಿಂದ ಗರ್ಭಿಣಿಯ ಊಟವನ್ನು ಕಡಿಮೆ ಮಾಡುವುದು ಅಪಾಯಕರ. ಈ ಭಾಗದಲ್ಲಿ ದೊರೆಯುವ ಜೋಳ, ಸಜ್ಜೆ, ತೊಗರಿ, ಹೆಸರು, ಶೇಂಗಾ, ನುಗ್ಗೆ ಸೊಪ್ಪು, ಪುಂಡಿ ಸೊಪ್ಪು, ಹಾಲು ಮತ್ತು ಮೊಟ್ಟೆ ಉತ್ತಮ ಆಹಾರಗಳು. ಗರ್ಭಿಣಿಯು ದಿನವೂ ಒಂದು ಹೊತ್ತಿನ ಊಟ ಹೆಚ್ಚಾಗಿ ಸೇವಿಸುವುದು ಹಾಗೂ ಹಗಲಿನಲ್ಲಿ ಎರಡು ಗಂಟೆ ವಿಶ್ರಾಂತಿ ಪಡೆಯುವುದು ಅವಶ್ಯ.

ರಕ್ತಸಂಬಂಧದಲ್ಲಿ ವಿವಾಹ

ಸೋದರಮಾವನೊಂದಿಗೆ ಅಥವಾ ಸೋದರತ್ತೆ, ಸೋದರಮಾವಂದಿರ ಮಕ್ಕಳ ನಡುವೆ ವಿವಾಹವಾಗುವ ಪದ್ಧತಿ ರಾಜ್ಯದಲ್ಲಿ ಬಹುಕಾಲದಿಂದ ಇದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನಡೆದ ನವಜಾತ ಶಿಶುಗಳ ತಪಾಸಣೆಯಲ್ಲಿ, ಸುಮಾರು ಮೂರನೇ ಒಂದು ಭಾಗದಷ್ಟು ದಂಪತಿಗಳು ರಕ್ತಸಂಬಂಧಿಗಳಾಗಿದ್ದುದು ಕಂಡುಬಂದಿತ್ತು. ಇಂತಹ ದಂಪತಿಗಳ ಬಹುತೇಕ ಮಕ್ಕಳು ಆರೋಗ್ಯವಂತರಾಗಿಯೇ ಜನಿಸುತ್ತಾರೆ. ಆದರೆ ತಂದೆ-ತಾಯಿ ಇಬ್ಬರಲ್ಲಿಯೂ ಒಂದೇ ಬಗೆಯ ಸುಪ್ತ ದೋಷವಿರುವ ಸಂಭವ ಹೆಚ್ಚಿರುವುದರಿಂದ ಕೆಲವು ಆನುವಂಶಿಕ ಕಾಯಿಲೆಗಳ ಅಪಾಯ ಹೆಚ್ಚುತ್ತದೆ. ಹಿಂದೆ ಶಿಶು ಮರಣ ಸಂಭವಿಸಿದ್ದಲ್ಲಿ, ಅಥವಾ ಕುಟುಂಬದಲ್ಲಿ ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆ ಇದ್ದಲ್ಲಿ ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸತಕ್ಕದ್ದು. ಕಬ್ಬಿಣಾಂಶದ ಮಾತ್ರೆ ಕ್ರಮವಾಗಿ ಸೇವಿಸಿದರೂ ರಕ್ತಹೀನತೆ ಸರಿಹೋಗದಿದ್ದಲ್ಲಿ ಈ ಪರೀಕ್ಷೆಗಳ ಬಗ್ಗೆ ವಿಚಾರಿಸಬೇಕು. ಅಗತ್ಯವಿದ್ದಲ್ಲಿ ಪತಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ವಂಶವಾಹಿ ಪರೀಕ್ಷೆಯಿಂದ ತೂಕವನ್ನು ಮುಂಚಿತವಾಗಿ ತಿಳಿಯಬಹುದೇ

ಇಲ್ಲ. ಮೇಲೆ ಹೇಳಿದ ವಂಶವಾಹಿ ಅಂಕವು ಸಾವಿರಾರು ಶಿಶುಗಳ ಸರಾಸರಿಯನ್ನು ಅರಿಯಲು ಬಳಸುವ ಸಂಶೋಧನಾ ಸಾಧನ. ಅದರಿಂದ ಒಂದು ನಿರ್ದಿಷ್ಟ ಶಿಶು ಎಷ್ಟು ತೂಗುವುದೆಂದು ಹೇಳಲಾಗದು. ಆದುದರಿಂದ ತೂಕ ತಿಳಿಯುವ ಸಲುವಾಗಿ ಇಂತಹ ಪರೀಕ್ಷೆಗಳಿಗೆ ಹಣ ವೆಚ್ಚ ಮಾಡುವ ಅಗತ್ಯವಿಲ್ಲ. ಪ್ರತಿ ತಪಾಸಣೆಯಲ್ಲಿ ಗರ್ಭಿಣಿಯ ತೂಕ, ರಕ್ತದೊತ್ತಡ ಮತ್ತು ಗರ್ಭಕೋಶದ ಎತ್ತರವನ್ನು ಅಳೆಯುವುದು ಹಾಗೂ ವೈದ್ಯರ ಸಲಹೆಯಂತೆ ಸ್ಕ್ಯಾನಿಂಗ್ ಮಾಡಿಸುವುದೇ ಬೆಳವಣಿಗೆಯನ್ನು ಅರಿಯುವ ಕ್ರಮ. ಭ್ರೂಣಲಿಂಗ ಪತ್ತೆಯು 1994ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ.

ಲಭ್ಯವಿರುವ ಸೌಲಭ್ಯಗಳು

1. ತಾಯಿ ಕಾರ್ಡ್: ಗರ್ಭ ನಿಂತಿರುವುದು ತಿಳಿದ ಕೂಡಲೇ, 12 ವಾರಗಳೊಳಗೆ, ಆಶಾ ಕಾರ್ಯಕರ್ತೆಯ ಮೂಲಕ ಅಥವಾ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸಿಕೊಂಡು ತಾಯಿ ಕಾರ್ಡ್ ಪಡೆಯತಕ್ಕದ್ದು. ಹೆರಿಗೆಗಾಗಿ ತವರಿಗೆ ಹೋಗುವವರು ಹಾಗೂ ಕೆಲಸಕ್ಕಾಗಿ ಬೇರೆಡೆಯಿಂದ ಬಂದವರು ಕಾರ್ಡನ್ನು ಜೊತೆಯಲ್ಲಿಯೇ ಒಯ್ಯಬೇಕು.

2. ಮಾತ್ರೆಗಳು ಮತ್ತು ತಪಾಸಣೆ: ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಹಾಗೂ ಹೆರಿಗೆಯ ನಂತರ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಉಚಿತವಾಗಿ ನೀಡಲಾಗುತ್ತದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ.

3. ಮಾತೃಪೂರ್ಣ ಯೋಜನೆ: 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಆರಂಭವಾದ ಈ ಯೋಜನೆಯಡಿ ಗರ್ಭಿಣಿಯರು ಹಾಗೂ ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಪೌಷ್ಟಿಕ ಊಟ ನೀಡಲಾಗುತ್ತದೆ. ಈ ಊಟವನ್ನು ಗರ್ಭಿಣಿಯೇ ಸೇವಿಸತಕ್ಕದ್ದು. ಮನೆಯವರೊಂದಿಗೆ ಹಂಚಿಕೊಂಡಲ್ಲಿ ಉದ್ದೇಶ ಈಡೇರುವುದಿಲ್ಲ.

4. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ: ಅರ್ಹ ಮಹಿಳೆಯರಿಗೆ ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ, ಎರಡನೆಯ ಮಗು ಹೆಣ್ಣಾಗಿದ್ದಲ್ಲಿ ಒಂದೇ ಕಂತಿನಲ್ಲಿ 6,000 ರೂಪಾಯಿ. ಕೂಲಿ ಬಿಟ್ಟು ವಿಶ್ರಾಂತಿ ಪಡೆಯಲು ಅನುಕೂಲವಾಗಲೆಂದು ಈ ಹಣ ನೀಡಲಾಗುತ್ತದೆ. ಅಂಗನವಾಡಿ ಕಾರ್ಯಕರ್ತೆಯ ಮೂಲಕ ಅರ್ಜಿ ಸಲ್ಲಿಸಬಹುದು.

5. ಜನನಿ ಸುರಕ್ಷಾ ಯೋಜನೆ ಮತ್ತು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ: ಮೊದಲನೆಯದರಲ್ಲಿ ಬಡತನ ರೇಖೆಗಿಂತ ಕೆಳಗಿನ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಹಿಳೆಯರಿಗೆ ಹೆರಿಗೆಯ ಸಹಾಯಧನವಿದೆ. ಎರಡನೆಯದರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ಊಟ, ವಾಹನ ಹಾಗೂ ಅಸ್ವಸ್ಥ ಶಿಶುವಿನ ಚಿಕಿತ್ಸೆ ಸಂಪೂರ್ಣ ಉಚಿತ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ತಾಯಿ ಕಾರ್ಡ್, ಆಧಾರ್ ಕಾರ್ಡ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ವಿವರ ಹಾಗೂ ಅರ್ಹತೆಯನ್ನು ತೋರಿಸುವ ಪಡಿತರ ಚೀಟಿ ಅಥವಾ ಪ್ರಮಾಣಪತ್ರದ ಪ್ರತಿಗಳು ಬೇಕಾಗುತ್ತವೆ. ಚಿಕಿತ್ಸೆಯ ವಿಷಯದಲ್ಲಿ ಯಾವುದೇ ದಾಖಲೆ ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆಗೆ ಬರಲು ತಡಮಾಡಬಾರದು.

ಕಡಿಮೆ ತೂಕದ ಶಿಶು ಜನಿಸಿದಾಗ

ತಾಯಿ-ತಂದೆ ಸಣ್ಣ ಮೈಕಟ್ಟಿನವರಾಗಿದ್ದು, ಶಿಶು ಚಿಕ್ಕದಾಗಿದ್ದರೂ ಆರೋಗ್ಯವಾಗಿರುವ ಸಂದರ್ಭಗಳು ಉಂಟು. ಆದರೆ ಹಾಗೆಂದು ನಿರ್ಧರಿಸಬೇಕಾದವರು ಶಿಶುವನ್ನು ಪರೀಕ್ಷಿಸಿದ ವೈದ್ಯರು. 1,800 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಗಳಿಗೆ ಮೊದಲೇ ಜನಿಸಿದ ಶಿಶುಗಳನ್ನು ನವಜಾತ ಶಿಶು ವಿಶೇಷ ಆರೈಕೆ ಘಟಕದಲ್ಲಿ ದಾಖಲಿಸಬೇಕು. ಉಳಿದ ಕಡಿಮೆ ತೂಕದ ಶಿಶುಗಳ ಬಗ್ಗೆ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು.

ಅ. ಶಿಶುವನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸುವ ಕಾಂಗರೂ ಆರೈಕೆ ನೀಡಬೇಕು. ತಂದೆ ಅಥವಾ ಅಜ್ಜಿಯೂ ಸರದಿಯಲ್ಲಿ ನೀಡಬಹುದು. ನೆರೆಯ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳು ಹಾಗೂ ಹಳ್ಳಿಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸಹಯೋಗದೊಂದಿಗೆ ಈ ಕ್ರಮವನ್ನು ವ್ಯಾಪಕವಾಗಿ ಜಾರಿಗೆ ತರಲಾಗಿತ್ತು.

ಆ. ಮೊದಲ ಒಂದು ಗಂಟೆಯೊಳಗೆ ಹಳದಿ ಬಣ್ಣದ ಗಟ್ಟಿ ಹಾಲನ್ನು ಕುಡಿಸಬೇಕು. ಚೀಪಲು ಶಕ್ತಿಯಿಲ್ಲದ ಶಿಶುವಿಗೆ ತಾಯಿಯ ಹಾಲನ್ನು ಹಿಂಡಿ ಒಳಲೆ ಅಥವಾ ಚಮಚದಿಂದ ಕುಡಿಸಬಹುದು. ಜೇನುತುಪ್ಪ, ಸಕ್ಕರೆ ನೀರು, ಬಜೆ ಮುಂತಾದವುಗಳನ್ನು ನೀಡಬಾರದು.

ಇ. ವೈದ್ಯರು ಅಥವಾ ಆರೋಗ್ಯ ಕಾರ್ಯಕರ್ತೆಯರು ಸೂಚಿಸುವವರೆಗೆ ಸ್ನಾನ ಮಾಡಿಸಬಾರದು; ಲೋಬಾನದ ಹೊಗೆ ಹಾಕಬಾರದು. ತಲೆ, ಕೈಕಾಲುಗಳನ್ನು ಮುಚ್ಚಿ ಬೆಚ್ಚಗಿಡಬೇಕು.

ಈ. ಆಸ್ಪತ್ರೆಯಲ್ಲಿ ಜನಿಸಿದ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡುತ್ತಾರೆ. ಪ್ರತಿ ಭೇಟಿಯಲ್ಲಿ ಶಿಶುವನ್ನು ತೂಗಿಸಿ ಬರೆಯಿಸಿಕೊಳ್ಳಬೇಕು.

ಶಿಶು ಹಾಲು ಕುಡಿಯದಿದ್ದಲ್ಲಿ, ಮೈ ತಣ್ಣಗಾದಲ್ಲಿ ಅಥವಾ ಜ್ವರ ಬಂದಲ್ಲಿ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡಿದಲ್ಲಿ, ಎದೆಗೂಡು ಒಳಕ್ಕೆ ಸೆಳೆದಲ್ಲಿ, ಅಂಗೈ ಅಂಗಾಲು ಹಳದಿಯಾದಲ್ಲಿ, ಅಥವಾ ಫಿಟ್ಸ್ ಬಂದಲ್ಲಿ ಕೂಡಲೇ 108 ಆಂಬ್ಯುಲೆನ್ಸ್‌ಗೆ ಕರೆ ಮಾಡಿ ಆಸ್ಪತ್ರೆಗೆ ಕರೆತರಬೇಕು. ದಾರಿಯಲ್ಲಿಯೂ ಶಿಶು ತಾಯಿಯ ಎದೆಗೆ ಒರಗಿರಲಿ.

ಸಾರಾಂಶ

ಶಿಶುವಿನ ತೂಕದಲ್ಲಿ ತಾಯಿ ಹಾಗೂ ತಂದೆ ಇಬ್ಬರ ವಂಶವಾಹಿಗಳ ಪಾಲೂ ಇದೆ. ಅದನ್ನು ಬದಲಾಯಿಸಲು ಸಾಧ್ಯವಿಲ್ಲ. ಅದಕ್ಕಾಗಿ ಯಾರನ್ನೂ ದೂಷಿಸುವುದು ಸರಿಯಲ್ಲ. ಊಟ, ವಿಶ್ರಾಂತಿ, ಮಾತ್ರೆ, ತಪಾಸಣೆ ಹಾಗೂ ಹೊಗೆಸೊಪ್ಪನ್ನು ತ್ಯಜಿಸುವುದು ಕುಟುಂಬದ ಕೈಯಲ್ಲಿವೆ. ಗರ್ಭಿಣಿಯೊಬ್ಬಳಿಂದಲೇ ಇವು ಸಾಧ್ಯವಾಗುವುದಿಲ್ಲವಾದ್ದರಿಂದ ಪತಿ ಹಾಗೂ ಮನೆಯ ಹಿರಿಯರು ಸಹಕರಿಸಬೇಕೆಂದು ಕೋರಲಾಗಿದೆ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮದ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರನ್ನು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಸಂಡೂರು ಮತ್ತು ಕಂಪ್ಲಿ ತಾಲ್ಲೂಕಿನವರು ಬಳ್ಳಾರಿ ಜಿಲ್ಲೆಯ, ಹೊಸಪೇಟೆ ಮತ್ತು ಹಂಪಿ ಭಾಗದವರು ವಿಜಯನಗರ ಜಿಲ್ಲೆಯ ಆರೋಗ್ಯ ಕಚೇರಿಗಳ ವ್ಯಾಪ್ತಿಗೆ ಬರುತ್ತಾರೆ.